ಲಾಗ್ ಬಾಯಿ ಮುಚ್ಚಿಸುವ ಮೊದಲು

ಪ್ರಶ್ನೆ: ನಮ್ಮ ಲಿನಕ್ಸ್ ಸರ್ವರ್‌ನಲ್ಲಿ ಆರ್‌ಸಿಸ್‌ಲಾಗ್ (ಲಾಗ್ ಸಂದೇಶಗಳನ್ನು ಫೈಲ್‌ಗೆ ಬರೆಯುವ ಪ್ರೋಗ್ರಾಂ) ಸಿಪಿಯು ತಿಂದು ಹಾಕುತ್ತಿದೆ, ಡಿಸ್ಕ್ ತುಂಬಿದೆ. ಸ್ಟಾಪ್ ಮಾಡಿದರೆ ತಾನಾಗಿ ಮತ್ತೆ ಶುರುವಾಗುತ್ತದೆ. ದೊಡ್ಡ ಲಾಗ್ ಫೈಲ್ ಡಿಲೀಟ್ ಮಾಡಿದರೂ ಜಾಗ ಬರಲಿಲ್ಲ. ಬಲವಂತವಾಗಿ ಕೊಲ್ಲುವ ‘ಕಿಲ್ -9’ ಕೊಡಬಹುದಾ?

ಉತ್ತರ: ಬೇಡ. ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. ಗಂಟೆಗೊಮ್ಮೆ ಲಾಗ್ ಡೀಮನ್‌ಗೆ (ಹಿನ್ನೆಲೆಯಲ್ಲಿ ಓಡುವ ಲಾಗ್ ಪ್ರೋಗ್ರಾಂಗೆ) ಕಿಲ್ -9 ಕೊಡುವ ಕ್ರಾನ್ ಸ್ಕ್ರಿಪ್ಟನ್ನೇ, ಅಂದರೆ ಹೊತ್ತಿಗೆ ಸರಿಯಾಗಿ ತಾನಾಗಿ ಓಡುವ ಸ್ಕ್ರಿಪ್ಟನ್ನೇ, ಮದ್ದು ಅಂತ ಹಂಚುವವರಿದ್ದಾರೆ. ಅದನ್ನು ಬರೆದವರು ರಾತ್ರಿ ಎದ್ದು ಸರ್ವರ್ ನೋಡುವವರಂತೂ ಅಲ್ಲ.

ಕಿಲ್ -9 ಬಂದರೆ ಪ್ರಾಸೆಸ್‌ಗೆ ಸುಧಾರಿಸಿಕೊಳ್ಳಲು ಒಂದು ಕ್ಷಣವೂ ಸಿಗುವುದಿಲ್ಲ. ಆರ್‌ಸಿಸ್‌ಲಾಗ್‌ನ ಕ್ಯೂ (ಬರೆಯಲು ಕಾದಿರುವ ಸಂದೇಶಗಳ ಸಾಲು) ಮಾಮೂಲಾಗಿ ಮೆಮೊರಿಯಲ್ಲೇ ಇರುತ್ತದೆ. ಅದರಲ್ಲಿದ್ದ ಸಾಲುಗಳು ಅಲ್ಲೇ ಹೋದವು. ಮೇಲಿಂದ, ಯೂನಿಟ್‌ನಲ್ಲಿ (ಸರ್ವಿಸ್‌ನ ಸೆಟ್ಟಿಂಗ್ ಫೈಲ್‌ನಲ್ಲಿ) ‘ರೀಸ್ಟಾರ್ಟ್ ಆನ್-ಫೇಲ್ಯೂರ್’ ಇದ್ದರೆ, ಸರ್ವಿಸ್‌ಗಳನ್ನು ಶುರುಮಾಡಿ ನಿಲ್ಲಿಸುವ ಸಿಸ್ಟಮ್‌ಡಿ ಇದನ್ನು ಕ್ರ್ಯಾಶ್ ಅಂದುಕೊಂಡು ಮತ್ತೆ ಎಬ್ಬಿಸುತ್ತದೆ. ಸ್ಟಾಪ್ ಕೊಟ್ಟಾಗ ಹೋಗುವುದು ಸಿಗ್‌ಟರ್ಮ್, ಅಂದರೆ ‘ಮುಗಿಸಿ ಹೊರಡು’ ಅನ್ನುವ ಸಿಗ್ನಲ್. ಕೈಲಿದ್ದ ಕೆಲಸ ಮುಗಿಸಲು ಅವಕಾಶ ಕೊಡಿ. ಸಿಸ್ಟಮ್‌ಡಿಯೇ ಮಾಮೂಲಾಗಿ 90 ಸೆಕೆಂಡ್ ಕಾಯುತ್ತದೆ, ನಿಮಗೇನು ಅಷ್ಟು ಅವಸರ?

ಸ್ಟಾಪ್ ಆದದ್ದು ಮತ್ತೆ ಏಳುವುದು ಡೆಬಿಯನ್, ಉಬುಂಟು ಲಿನಕ್ಸ್‌ಗಳಲ್ಲಿ ಹೆಚ್ಚು. ಅಲ್ಲಿ ‘ಸಿಸ್‌ಲಾಗ್ ಸಾಕೆಟ್’ ಅಂತ ಇನ್ನೊಂದು ಯೂನಿಟ್ ಇದೆ. ಯಾವುದಾದರೂ ಸಂದೇಶ ಬಂದ ಕೂಡಲೇ ಅದು ಸರ್ವಿಸನ್ನು ಎಬ್ಬಿಸುತ್ತದೆ. ಸ್ಟಾಪ್ ಮಾಡುವಾಗಲೇ ಈ ಎಚ್ಚರಿಕೆ ಪರದೆ ಮೇಲೆ ಬರುತ್ತದೆ, ಓದುವವರು ಬೇಕಲ್ವಾ? ಸಾಕೆಟ್, ಸರ್ವಿಸ್ ಎರಡನ್ನೂ ಒಂದೇ ಕಮಾಂಡ್‌ನಲ್ಲಿ ನಿಲ್ಲಿಸಿ.

ಜಾಗದ ವಿಷಯ. ಪ್ರಾಸೆಸ್ ಆ ಫೈಲನ್ನು ತೆರೆದಿಟ್ಟುಕೊಂಡಿರುವವರೆಗೂ ನೀವು ಅಳಿಸಿದ್ದು ಹೆಸರು ಮಾತ್ರ. ‘ಎಲ್‌ಎಸ್‌ಒಎಫ್ +ಎಲ್1’ ಕಮಾಂಡ್ ಕೊಟ್ಟು ನೋಡಿ, ಅಂಥ ಫೈಲ್‌ಗಳೆಲ್ಲ ಅಲ್ಲಿ ಕೂತಿರುತ್ತವೆ. ಆರ್‌ಸಿಸ್‌ಲಾಗ್‌ಗೆ ಹಪ್ ಸಿಗ್ನಲ್ ಕೊಟ್ಟರೆ ಹಳೆ ಫೈಲ್ ಮುಚ್ಚಿ ಹೊಸದು ತೆರೆಯುತ್ತದೆ, ಜಾಗ ಬರುತ್ತದೆ. ಇಷ್ಟಕ್ಕೆ ಸ್ಟಾಪ್ ಮಾಡುವ ಅಗತ್ಯವೇ ಇಲ್ಲ. ಹಾಗೆಯೇ, ಹಪ್ ಕೊಟ್ಟರೆ ಕಾನ್ಫಿಗ್ ಕೂಡ ಮತ್ತೆ ಓದುತ್ತದೆ ಅನ್ನುವುದು ಹಳೇ ನಂಬಿಕೆ. ಅದಕ್ಕೆ ರೀಸ್ಟಾರ್ಟೇ ಬೇಕು. ರೀಸ್ಟಾರ್ಟ್‌ಗೆ ಮೊದಲು ‘ಆರ್‌ಸಿಸ್‌ಲಾಗ್‌ಡಿ -ಎನ್1’ ಕೊಟ್ಟು ಕಾನ್ಫಿಗ್ ಸರಿಯಿದೆಯಾ ನೋಡಿ.

ಆದರೆ ನೀವು ಕೇಳಬೇಕಿದ್ದ ಪ್ರಶ್ನೆಯೇ ಬೇರೆ. ಆರ್‌ಸಿಸ್‌ಲಾಗ್ ತಾನಾಗಿ ಬರೆಯುವುದು ಕಡಿಮೆ. ಯಾರೋ ಕೂಗುತ್ತಿದ್ದಾರೆ, ಅದು ಬರೆದುಕೊಳ್ಳುತ್ತಿದೆ. ಜರ್ನಲ್‌ನಲ್ಲಿ (ಸಿಸ್ಟಮ್‌ಡಿಯ ಸ್ವಂತ ಲಾಗ್‌ನಲ್ಲಿ) ಹಿಂದಿನ ಒಂದು ಗಂಟೆ ತೆಗೆದು ಯಾವ ಸರ್ವಿಸ್‌ನಿಂದ ಎಷ್ಟು ಸಾಲು ಅಂತ ಎಣಿಸಿ. ಸಣ್ಣಪುಟ್ಟದ್ದನ್ನೂ ಬರೆಸುವ ಡಿಬಗ್ ಮಟ್ಟದಲ್ಲೇ ಬಿಟ್ಟ ಅಪ್ಲಿಕೇಶನ್ ಬಹಳ ಸಲ ಸಿಗುತ್ತದೆ. ಅದನ್ನು ಸರಿಮಾಡಿ.

ಇನ್ನೊಂದು ಕಾರಣ ಇದಕ್ಕಿಂತ ಕೆಟ್ಟದ್ದು. ದೂರದ ಲಾಗ್ ಸರ್ವರ್‌ಗೆ ಟಿಸಿಪಿಯಲ್ಲಿ ಕಳಿಸುತ್ತಿದ್ದು, ಆ ಸರ್ವರ್ ಬಿದ್ದರೆ ಇಲ್ಲಿ ಕ್ಯೂ ತುಂಬುತ್ತದೆ. ಕ್ಯೂ ತುಂಬಿದ ಆರ್‌ಸಿಸ್‌ಲಾಗ್ ಸಾಕೆಟ್ ಓದುವುದನ್ನು ನಿಲ್ಲಿಸಬಹುದು. ಆಗ ಅದಕ್ಕೇ ನೇರವಾಗಿ ಲಾಗ್ ಬರೆಯುವ ಪ್ರೋಗ್ರಾಂಗಳು ಕಾಯುತ್ತಾ ನಿಲ್ಲುತ್ತವೆ. ದೂರದಿಂದ ಸರ್ವರ್ ಒಳಗೆ ಬರುವ ಎಸ್‌ಎಸ್‌ಎಚ್ ಲಾಗಿನ್ ಕೂಡ ಸಿಕ್ಕಿಹಾಕಿಕೊಳ್ಳುತ್ತದೆ. ಕಿಲ್ ಬದಲು, ಪ್ರಾಸೆಸನ್ನು ಇದ್ದಲ್ಲೇ ತಡೆದು ನಿಲ್ಲಿಸುವ ‘ಸಿಗ್‌ಸ್ಟಾಪ್’ ಕೊಟ್ಟು ಸುಮ್ನೆ ಸ್ವಲ್ಪ ಹೊತ್ತು ಮಲಗಿಸೋಣ ಅನ್ನುವ ಬುದ್ಧಿವಂತರೂ ತಂದುಕೊಳ್ಳುವುದು ಇದೇ ಗತಿ. ಕಳಿಸುವ ಕ್ಯೂಗೆ ಡಿಸ್ಕ್ ಆಸರೆ ಕೊಡಿ, ಅದಕ್ಕೊಂದು ಮಿತಿ ಹಾಕಿ, ‘ಸೇವ್ ಆನ್ ಶಟ್‌ಡೌನ್’ ಆನ್ ಮಾಡಿ. ನಾನಂತೂ ಲಾಗ್ ಡೀಮನ್ ಮುಟ್ಟುವ ಮೊದಲು ಎರಡನೇ ರೂಟ್ (ಪೂರ್ತಿ ಅಧಿಕಾರದ) ಸೆಷನ್ ತೆರೆದಿಟ್ಟುಕೊಳ್ಳುತ್ತೇನೆ. ಪುಕ್ಕಲುತನ ಅಂದುಕೊಂಡರೂ ಪರವಾಗಿಲ್ಲ.

ಪ್ರಶ್ನೆ: ಲಾಗ್ ಪೂರ್ತಿ ಆಫ್ ಮಾಡಿದರೆ ಸರ್ವರ್ ವೇಗ ಹೆಚ್ಚುತ್ತದಂತೆ?

ಉತ್ತರ: ಏನು ಕೆಟ್ಟಿದೆ ಅಂತ ತಿಳಿಯದಂತಾಗುವ ವೇಗ ಹೆಚ್ಚುತ್ತದೆ.

ಪ್ರಶ್ನೆ: ಜರ್ನಲ್ ಬರೆಯುವ ಜರ್ನಲ್‌ಡಿಯನ್ನೇ ಸ್ಟಾಪ್ ಮಾಡಬಹುದಾ?

ಉತ್ತರ: ರೀಸ್ಟಾರ್ಟ್ ಮಾಡಿ, ಸ್ಟಾಪ್ ಬೇಡ. ಸ್ಟಾಪ್ ಮಾಡಿದರೆ ಓಡುತ್ತಿರುವ ಸರ್ವಿಸ್‌ಗಳ ಔಟ್‌ಪುಟ್ ಸಂಪರ್ಕ ಕಡಿದು ಹೋಗುತ್ತದೆ. ಜಾಗ ಬೇಕಿದ್ದರೆ ಮೊದಲು ರೊಟೇಟ್ (ಈಗಿನ ಜರ್ನಲ್ ಫೈಲ್ ಮುಚ್ಚಿ ಹೊಸದು ಶುರು), ಆಮೇಲೆ ವ್ಯಾಕ್ಯೂಮ್ (ಹಳೆಯವುಗಳನ್ನು ಅಳಿಸುವುದು).

ಪ್ರಶ್ನೆ: ರೂಟ್ ಆಗಿದ್ದರೂ ಸಿಸ್ಟಮ್‌ಸಿಟಿಎಲ್‌ನಲ್ಲಿ (ಸಿಸ್ಟಮ್‌ಡಿಗೆ ಆಜ್ಞೆ ಕೊಡುವ ಕಮಾಂಡ್‌ನಲ್ಲಿ) ಆಡಿಟ್‌ಡಿ, ಅಂದರೆ ಯಾರು ಏನು ಮಾಡಿದರು ಅಂತ ದಾಖಲಿಸುವ ಡೀಮನ್, ನಿಲ್ಲುತ್ತಿಲ್ಲ. ಬಗ್ ಇರಬಹುದಾ?

ಉತ್ತರ: ಅಲ್ಲ. ಬೇಕಂತಲೇ ಹಾಗೆ ಮಾಡಿದ್ದಾರೆ. ನಿಲ್ಲಿಸಿದವರು ಯಾರು ಅಂತ ದಾಖಲಾಗಬೇಕು, ಸಿಸ್ಟಮ್‌ಡಿ ಮೂಲಕ ಹೋದರೆ ಆ ಗುರುತು ತಪ್ಪಿ ಹೋಗುತ್ತದೆ. ಅದಕ್ಕೇ ಹಳೆಯ ‘ಸರ್ವಿಸ್ ಆಡಿಟ್‌ಡಿ ಸ್ಟಾಪ್’ ದಾರಿ ಇಟ್ಟಿದ್ದಾರೆ. ಹಾಗೆ ನಿಲ್ಲಿಸಿದರೆ ನಿಮ್ಮ ಗುರುತು ಆಡಿಟ್ ಲಾಗ್‌ನಲ್ಲಿ ಉಳಿಯುತ್ತದೆ. ಆದ್ದರಿಂದ ನಿಲ್ಲಿಸಲು ಹೇಳಿದವರಿಂದ ಮೊದಲು ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ.