ನಾಲ್ಕನೆಯ ಮೊಟ್ಟೆ ಏನಾಯಿತು?

ಪ್ರಿಯ ಲೇಖಕಿಗೆ,

ಮಂಗಳೂರಿನ ಹೊರವಲಯದ ಒಂದು ಪದವಿನಲ್ಲಿ, ಅಂದರೆ ಮುರಕಲ್ಲಿನ (ಜಂಬಿಟ್ಟಿಗೆಯ) ಹರವಾದ ಗುಡ್ಡದ ಮೇಲೆ, ಮಾರ್ಚ್‌ನಿಂದ ಮೇವರೆಗೆ ಹಳದಿ ಟಿಟ್ಟಿಭ ಹಕ್ಕಿಯ ಗೂಡುಗಳನ್ನು ಅಭ್ಯಾಸ ಮಾಡುವ ತಂಡದ ಜೊತೆ ನೀವು ದುಡಿದದ್ದರ ಬಗ್ಗೆ ಕಳುಹಿಸಿದ ‘ಪದವಿನ ತಾಯಿ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಮಾಸಪತ್ರಿಕೆಯಲ್ಲಿ ಹಾಕಲಾರೆ. ಹಾಗೆಂದು ಕೈಬಿಡಲೂ ಮನಸ್ಸು ಬಾರದು. ಅದಕ್ಕೇ ಈ ಉದ್ದದ ಪತ್ರ.

ಮೊದಲ ಎರಡು ಪುಟ ತೆಗೆದುಬಿಡಿ. ಆಕಾಶ ಬೀಳದ ಹಾಗೆ ಕಾಲು ಮೇಲೆತ್ತಿ ಮಲಗುವ ಹಕ್ಕಿಯ ಕತೆ ನಮ್ಮ ಓದುಗರಿಗೆ ಗೊತ್ತು. ‘ಬೆಂಕಿಯುಗುಳುವ ಬಂಡೆ’, ‘ಮರುಭೂಮಿಯಂಥ ಬಂಜರು’ ಇವೂ ಬೇಡ. ಪದವು ಬಂಜರಲ್ಲ. ಮುರಕಲ್ಲಿನ ನಡುವೆ ಮುಳಿಹುಲ್ಲು ಒಣಗಿ ನಿಂತಾಗ ಹಾಗೆ ಕಾಣುತ್ತದೆ, ಅಷ್ಟೆ. ಮಳೆ ಹಿಡಿದ ಮೇಲೆ ಅದೇ ಕಲ್ಲಿನ ತಗ್ಗುಗಳಲ್ಲಿ ನೀರು ನಿಂತು, ಹುಳ ಹಿಡಿದು ತಿನ್ನುವ ಪುಟ್ಟ ಗಿಡಗಳೂ ಏಳುತ್ತವೆ. ಬಂಜರು ಎಂದು ಕರೆದೇ ಅಲ್ಲವೇ ನಾವು ಪದವುಗಳನ್ನು ಕಲ್ಲಿನ ಕೋರೆಗೂ ಲೇಔಟಿಗೂ ಬಿಟ್ಟುಕೊಟ್ಟದ್ದು? ಹಕ್ಕಿಯ ಪರವಾಗಿ ಬರೆಯುವ ನಿಮ್ಮ ಕೈಯಿಂದಲೂ ಆ ಮಾತು ಬಂದದ್ದು ನೋಡಿ ಸಂಕಟವಾಯಿತು.

ಮೂರನೆಯ ಪುಟದಲ್ಲಿ ‘ಕಣ್ಣಿನ ಮುಂದೆ ಕೆಂಪು ತೊಗಲು, ಕಪ್ಪು ಎದೆ’ ಎಂದಿದ್ದೀರಿ. ಅದು ಕೆಂಪು ಟಿಟ್ಟಿಭ. ಗದ್ದೆಯ ಹುಣಿ, ತೋಡಿನ ಬದಿ, ಹೀಗೆ ನೀರಿನ ಹತ್ತಿರ ನಾವು ದಿನಾ ಕಾಣುವ ಹಕ್ಕಿ. ನೀವು ಕಾದು ಕುಳಿತದ್ದು ಒಣನೆಲದ ಹಳದಿ ಟಿಟ್ಟಿಭಕ್ಕೆ: ಕಪ್ಪು ಟೋಪಿ, ಕೊಕ್ಕಿನ ಬುಡದಲ್ಲಿ ಹಳದಿ ತೊಗಲು, ಹಳದಿ ಕಾಲು. ಬಸ್ಸಿನಿಂದ ಇಳಿದು ಪದವು ಹತ್ತುವಾಗ ಕಂಡದ್ದನ್ನೂ ಗೂಡಿನಲ್ಲಿ ಕಂಡದ್ದನ್ನೂ ಬೆರೆಸಿದ್ದೀರಿ ಎಂದು ನನ್ನ ಊಹೆ.

ಇನ್ನು ‘ತಾಯಿ’. ಈ ಹಕ್ಕಿಯಲ್ಲಿ ಗಂಡು ಹೆಣ್ಣು ನೋಡಲು ಒಂದೇ ಥರ, ಕಾವು ಕೂರುವುದೂ ಇಬ್ಬರೂ. ಹಾಗಿರುವಾಗ ಪ್ರತಿ ಸಲವೂ ಕೂತದ್ದು ತಾಯಿಯೇ ಎಂದು ನಿಮಗೆ ಹೇಗೆ ತಿಳಿಯಿತು? ‘ತಾಯಿ ಮರಿಗಳ ಬಾಯಿಗೆ ತುತ್ತಿಟ್ಟಳು’ ಎಂಬ ವಾಕ್ಯವಂತೂ ನೀವು ನೋಡಿ ಬರೆದದ್ದಲ್ಲ. ಟಿಟ್ಟಿಭದ ಮರಿಗಳು ಮೊಟ್ಟೆಯೊಡೆದು ಸ್ವಲ್ಪ ಹೊತ್ತಿಗೇ ಗೂಡು ಬಿಟ್ಟು ಓಡಾಡುತ್ತವೆ, ತಮ್ಮ ಹುಳ ತಾವೇ ಹೆಕ್ಕುತ್ತವೆ. ದೊಡ್ಡವು ಕಾವಲು ನಿಂತು ಕೂಗಿದರೆ ನೆಲಕ್ಕೆ ಒತ್ತಿಕೊಂಡು ಕಲ್ಲಿನ ಹಾಗೆ ಕೂರುತ್ತವೆ. ತುತ್ತಿಡುವ ಚಿತ್ರ ನಿಮಗೆ ಯಾವುದೋ ಶಾಲಾ ಪದ್ಯದಿಂದ ಬಂದಿರಬೇಕು. ಕಾವಿನ ಕಾಲವನ್ನೂ ‘ಹತ್ತು ದಿನ’ ಎಂದು ಬರೆದಿದ್ದೀರಿ. ಅದು ಹತ್ತಿರಹತ್ತಿರ ನಾಲ್ಕು ವಾರ. ನಿಮ್ಮ ನೋಟ್‌ಬುಕ್‌ನಲ್ಲಿ ತಾರೀಕು ಇದ್ದೇ ಇರುತ್ತದೆ, ತೆಗೆದು ನೋಡಿ.

ಇಷ್ಟೆಲ್ಲ ಹೇಳಿದ ಮೇಲೂ ಈ ಲೇಖನ ನನಗೆ ಬೇಕು. ಕಾರಣ, ಐದನೆಯ ಪುಟದ ಒಂದೇ ಒಂದು ಸಾಲು: ‘ಮಧ್ಯಾಹ್ನ ಹಕ್ಕಿ ಹೊಟ್ಟೆ ಒದ್ದೆ ಮಾಡಿಕೊಂಡು ಬಂದು ಕೂತಿತು.’ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ! ನಿಲ್ಲಬೇಕಾದದ್ದೇ ಅಲ್ಲಿ. ನೆರಳಿಲ್ಲದ ಕಲ್ಲಿನ ಮೇಲೆ, ಏಪ್ರಿಲ್ ಬಿಸಿಲಲ್ಲಿ, ಕಾವು ಕೊಡುವುದಕ್ಕಿಂತ ಮೊಟ್ಟೆ ಬೇಯದಂತೆ ನೋಡಿಕೊಳ್ಳುವುದೇ ಆ ಹಕ್ಕಿಗೆ ದೊಡ್ಡ ಕೆಲಸ. ಅದಕ್ಕೇ ಮೈಯ ನೆರಳು ಕೊಟ್ಟು ನಿಲ್ಲುತ್ತದೆ, ಎದೆಯ ಗರಿಯಲ್ಲಿ ನೀರು ತಂದು ಮೊಟ್ಟೆ ತೋಯಿಸುತ್ತದೆ. ನೀರು ಎಲ್ಲಿಂದ ತಂದಿತು? ಎಷ್ಟು ಹೊತ್ತು ಗೂಡು ಬಿಟ್ಟಿತ್ತು? ಅಷ್ಟರಲ್ಲಿ ಜೋಡಿ ಹಕ್ಕಿ ಬಂದು ಕೂತಿತೇ? ನೀವು ಬೈನಾಕ್ಯುಲರ್ ಹಿಡಿದು ಕಂಡದ್ದನ್ನು ನಿಮಿಷ ನಿಮಿಷವಾಗಿ ಬರೆಯಿರಿ. ವಿಶೇಷಣ ಒಂದೂ ಬೇಡ.

ಊರಿನ ಹೆಸರು, ದೇವಸ್ಥಾನದ ಹಿಂದಿನ ದಾರಿ, ಗೂಡಿನ ಹತ್ತಿರದ ಫೋಟೊ ಮೂರನ್ನೂ ನಾನು ಹಾಕುವುದಿಲ್ಲ. ಇದರಲ್ಲಿ ಚೌಕಾಸಿ ಇಲ್ಲ. ಹಲವು ವರ್ಷಗಳ ಹಿಂದೆ ನಾನೇ ಒಂದು ಬರಹದಲ್ಲಿ ಗೂಡಿರುವ ಜಾಗದ ಹೆಸರು ಹಾಕಿಬಿಟ್ಟಿದ್ದೆ. ಮರುವಾರ ಕ್ಯಾಮೆರಾ ಹಿಡಿದವರು ಹೋದರು, ಅವರ ಹಿಂದೆ ನಾಯಿಗಳು ಹೋದವು. ನಾನು ಹೋಗಿ ನೋಡುವಾಗ ಉಳಿದದ್ದು ಒಂದಿಷ್ಟು ಚಿಪ್ಪು. ಈಗಲೂ ಆ ರಸ್ತೆಯಲ್ಲಿ ಹೋಗುವಾಗ ಅದು ನೆನಪಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ ಎನ್ನುವುದರಲ್ಲಿ ಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದನ್ನೂ ಗೂಡು ಕೆದಕುವುದನ್ನೂ ಸೇರಿಸಿದೆ. ಅದನ್ನು ಓದುಗರಿಗೆ ಒಂದು ಸಾಲಿನಲ್ಲಿ ಹೇಳಿದರೆ ಒಳ್ಳೆಯದು.

ಕೊನೆಯದಾಗಿ ಒಂದು ಪ್ರಶ್ನೆ. ಮೊದಲ ದಿನ ಗೂಡಿನಲ್ಲಿ ನಾಲ್ಕು ಮೊಟ್ಟೆ ಎಂದಿದ್ದೀರಿ. ಕೊನೆಗೆ ಓಡಿದ್ದು ಮೂರು ಮರಿ. ನಾಲ್ಕನೆಯದು ಏನಾಯಿತು? ಅದೇ ಪುಟದಲ್ಲಿ ‘ಆ ದಿನ ನಾವು ತಡವಾಗಿ, ಹನ್ನೆರಡು ಗಂಟೆಗೆ ಅಳತೆ ತೆಗೆಯಲು ಹೋದೆವು’ ಎಂದಿದೆ, ಅದರ ಮುಂದೆ ಏನೂ ಇಲ್ಲ. ಹಕ್ಕಿ ಎದ್ದು ಎಷ್ಟು ಹೊತ್ತು ಹೊರಗಿತ್ತು? ಮೊಟ್ಟೆ ಹಾಳಾದದ್ದು ನಿಮ್ಮಿಂದ ಎಂದು ನಿಮಗೆ ಅನ್ನಿಸಿದೆಯೇ? ಅನ್ನಿಸಿದ್ದರೆ ಮುಚ್ಚಿಡಬೇಡಿ. ಕಾಗೆಯೋ ಮುಂಗುಸಿಯೋ ತೆಗೆದಿದ್ದರೆ ಹಾಗೆಯೇ ಬರೆಯಿರಿ. ಗೊತ್ತೇ ಆಗಲಿಲ್ಲವೆಂದರೆ, ಗೊತ್ತಾಗಲಿಲ್ಲ ಎಂದು ಬರೆಯಿರಿ.

ನನ್ನನ್ನು ಕೇಳಿದರೆ ಲೇಖನ ಆ ಹನ್ನೆರಡು ಗಂಟೆಯಿಂದಲೇ ಶುರುವಾಗಬೇಕು. ಆಟಿ ತಿಂಗಳು (ಆಗಸ್ಟ್ ನಡುವಿಗೆ) ಮುಗಿಯುವುದರೊಳಗೆ ಹೊಸ ಪ್ರತಿ ಕಳುಹಿಸಿ. ಸಾವಿರದ ಇನ್ನೂರು ಪದ ಸಾಕು. ಜೊತೆಗೆ ನೋಟ್‌ಬುಕ್‌ನ ಆ ದಿನದ ಪುಟದ ಫೋಟೊವನ್ನೂ ಕಳುಹಿಸಿ. ಅಚ್ಚಿಗಲ್ಲ, ನಾನು ಓದುವುದಕ್ಕೆ.

ನಿಮ್ಮ,
ಸಂಪಾದಕ