ವಿಂಡೋಸ್ ಜೊತೆಗೆ ಉಬುಂಟು ಹಾಕಿದರೆ ಇರುವ ಫೈಲ್‌ಗಳು ಹೋಗುತ್ತವೆಯೇ?

ವಿಂಡೋಸ್ 11 ಇರುವ ಲ್ಯಾಪ್‌ಟಾಪ್‌ಗೆ ಉಬುಂಟು (ಲಿನಕ್ಸ್‌ನ ಒಂದು ಆಪರೇಟಿಂಗ್ ಸಿಸ್ಟಮ್) ಕೂಡ ಹಾಕಿದರೆ ಹಳೆಯ ಫೈಲ್‌ಗಳು ಹೋಗುತ್ತವಾ ಅಂತ ಕೇಳಿದ್ದೀರಿ. ಸರಿಯಾಗಿ ಮಾಡಿದರೆ ಹೋಗುವುದಿಲ್ಲ. ಆದರೆ ಇನ್‌ಸ್ಟಾಲರ್‌ನಲ್ಲಿ ಡಿಸ್ಕ್ ಪೂರ್ತಿ ಅಳಿಸುವ ಆಯ್ಕೆಯೂ ಇರುತ್ತದೆ, ಅವಸರದಲ್ಲಿ ಅದನ್ನು ಒತ್ತಿದರೆ ಎಲ್ಲವೂ ಹೋಯಿತು ಅಂತಲೇ. ಬೇಕಾದ್ದನ್ನು ಮೊದಲೇ ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ.

ನಿಜವಾದ ತೊಡಕು ಇರುವುದು ವಿಂಡೋಸ್ ಸೆಟ್ಟಿಂಗ್‌ಗಳಲ್ಲಿ. ನಾನು ಮೊದಲ ಸಲ ಹಾಕಿದಾಗ ಎಲ್ಲ ಸರಾಗವಾಗಿ ಆಯಿತು. ರೀಸ್ಟಾರ್ಟ್ ಮಾಡಿ ಮೆನುವಿನಲ್ಲಿ ವಿಂಡೋಸ್ ಆರಿಸಿದೆ, ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳಿತು. ಡಿಸ್ಕ್‌ಗೆ ಬೀಗ ಹಾಕಿದಂತೆ ಕಾಯುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದೆ ಅಂತ ನಾನು ನೋಡಿಯೇ ಇರಲಿಲ್ಲ. ಬೂಟ್ ಆಗುವ ದಾರಿ ಬದಲಾದರೆ ಅದು ಹೀಗೆ ಕೀ ಕೇಳುತ್ತದೆ. ಕೀ ನನ್ನ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಕ್ಕಿತು, ಫೋನ್ ಪಕ್ಕದಲ್ಲಿಟ್ಟುಕೊಂಡು ಆರಾರು ಅಂಕಿಯಂತೆ ಟೈಪ್ ಮಾಡಿದೆ. ಎದೆ ಡವಡವ ಅನ್ನುತ್ತಿತ್ತು. ನೀವು ನಿಮ್ಮ ಕೀಯನ್ನು ಇವತ್ತೇ ಹುಡುಕಿ ಕಾಗದದಲ್ಲಿ ಬರೆದಿಡಿ.

ಇನ್ನೊಂದು, ಫಾಸ್ಟ್ ಸ್ಟಾರ್ಟಪ್. ಇದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಸಿ ಡ್ರೈವ್ ಅರ್ಧ ತೆರೆದಂತೆಯೇ ಇರುತ್ತದೆ, ಹಾಗಾಗಿ ಉಬುಂಟುವಿನಿಂದ ಅಲ್ಲಿಗೆ ಏನನ್ನೂ ಬರೆಯಲು ಆಗದೆ ಇರಬಹುದು. ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ನಲ್ಲಿ ಅದನ್ನು ಆಫ್ ಮಾಡಿ.

ಜಾಗ ಬಿಡಿಸುವುದನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಮಾಡಿ. ಉಬುಂಟುವಿಗೆ 25 ಜಿಬಿ ಸಾಕು ಅಂತಾರೆ, ಪ್ರೋಗ್ರಾಮಿಂಗ್ ಮಾಡುವವರಿಗೆ ಅದು ಬೇಗ ತುಂಬುತ್ತದೆ. 60 ಆದರೂ ಕೊಡಿ. ಆಮೇಲೆ ವಿಂಡೋಸ್ ಗಡಿಯಾರ ಕೆಲವು ಗಂಟೆ ತಪ್ಪು ತೋರಿಸಿದರೆ ಗಾಬರಿ ಬೇಡ. ಮದರ್‌ಬೋರ್ಡ್ ಗಡಿಯಾರವನ್ನು ಉಬುಂಟು ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಅಂತ ಓದುತ್ತದೆ, ವಿಂಡೋಸ್ ಸ್ಥಳೀಯ ಸಮಯ ಅಂತ ಓದುತ್ತದೆ, ಅಷ್ಟೇ. ಉಬುಂಟುವಿನಲ್ಲಿ ಒಂದೇ ಕಮಾಂಡ್‌ನಲ್ಲಿ ಸರಿಹೋಗುತ್ತದೆ.

ಸುಮ್ನೆ ಲಿನಕ್ಸ್ ಕಮಾಂಡ್‌ಗಳನ್ನು ಕಲಿಯಬೇಕು ಅಷ್ಟೇ ಅಂದರೆ ಇದ್ಯಾವುದೂ ಬೇಕಿಲ್ಲ, ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್ಎಲ್ ಅಥವಾ ವರ್ಚುವಲ್‌ಬಾಕ್ಸ್ ಧಾರಾಳ ಸಾಕು. ಆದರೆ ದಿನವಿಡೀ ಅದರಲ್ಲೇ ಕೆಲಸ ಮಾಡುವವರಿಗೆ, ರ‍್ಯಾಮ್ ಕಡಿಮೆ ಇರುವವರಿಗೆ ಡ್ಯುಯಲ್ ಬೂಟೇ (ಹೀಗೆ ಎರಡನ್ನೂ ಬೇರೆ ಬೇರೆಯಾಗಿ ಹಾಕಿಕೊಳ್ಳುವುದು) ಒಳ್ಳೆಯದು ಅಂತ ನನ್ನ ಅನುಭವ.

ಹಾಕುವ ಮುಂಚೆ ಪೆನ್‌ಡ್ರೈವ್‌ನಿಂದಲೇ ಉಬುಂಟು ಬೂಟ್ ಮಾಡಿ ಒಂದು ಗಂಟೆ ಬಳಸಿ ನೋಡಿ. ವೈಫೈ, ಸೌಂಡ್, ಟಚ್‌ಪ್ಯಾಡ್, ಮೂರನ್ನೂ ನೋಡಬೇಕು. ವೈಫೈ ಬರದಿದ್ದರೆ ಅವತ್ತು ಇನ್‌ಸ್ಟಾಲ್‌ಗೆ ಕೈ ಹಾಕಬೇಡಿ, ಕಾರ್ಡ್‌ನ ಮಾಡೆಲ್ ಯಾವುದು ಅಂತ ನೋಡಿ ಇಲ್ಲೇ ಬರೆಯಿರಿ.