ಮುಂದಿನ ಸ್ಪ್ರಾಕೆಟ್‌ಗೆ ಒಂದು ಹಲ್ಲು ಜಾಸ್ತಿ ಹಾಕಿಸಲೇ?

ಪ್ರಶ್ನೆ: ನನ್ನದು 150 ಸಿಸಿ ಬೈಕ್, ಐದು ಗೇರ್. 24,000 ಕಿ.ಮೀ. ಓಡಿದೆ. ಕಟಪಾಡಿಯಿಂದ ಬೈಕಂಪಾಡಿಗೆ ದಿನಾ ಹೈವೇಯಲ್ಲಿ ಹೋಗಿ ಬರುತ್ತೇನೆ. ತಿಂಗಳಿಗೊಮ್ಮೆ ಹೆಂಡತಿಯ ಜೊತೆ ಆಗುಂಬೆ ಘಾಟಿ ಹತ್ತಿ ಅವಳ ತವರು ತೀರ್ಥಹಳ್ಳಿಗೆ ಹೋಗುವುದುಂಟು. ಈಗ ಚೈನ್ ಕಟಕಟ ಅನ್ನುತ್ತದೆ. ಟೈಟ್ ಮಾಡಿಸಿದರೆ ವಾರದಲ್ಲಿ ಮತ್ತೆ ಲೂಸ್. ಗ್ಯಾರೇಜಿನವರು ಪೂರ್ತಿ ಸೆಟ್ ಬದಲಿಸಿ ಅನ್ನುತ್ತಾರೆ. ಚೈನ್ ಮಾತ್ರ ಹಾಕಿದರೆ ಸಾಲದೇ? ಇನ್ನೊಂದು ವಿಷಯ, 80ರ ವೇಗದಲ್ಲಿ ಫುಟ್‌ರೆಸ್ಟ್ ನಡುಗುತ್ತದೆ, ಇಂಜಿನ್ ಅರಚುತ್ತದೆ. ಚೈನ್ ಓಡುವ ಹಲ್ಲಿನ ಚಕ್ರಕ್ಕೆ (ಸ್ಪ್ರಾಕೆಟ್‌ಗೆ) ಈಗ ಮುಂದೆ 15 ಹಲ್ಲು, ಹಿಂದೆ 44. ಮುಂದೆ 16 ಹಾಕಿಸಿದರೆ ಇಂಜಿನ್ ಹಗುರಾಗುತ್ತದೆ ಎಂದು ಗೆಳೆಯ ಹೇಳಿದ. ಹಾಕಿಸಲೇ?
– ಒಬ್ಬ ಓದುಗರು, ಕಟಪಾಡಿ

ಉತ್ತರ: ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಆದರೆ ಎರಡರ ಮೂಲವೂ ಒಂದೇ ಇರಬಹುದು ಎಂದು ನನಗೆ ಅನ್ನಿಸುತ್ತಿದೆ. ಚೈನ್ ಸವೆದಿದೆ. ಆ ನಡುಕದಲ್ಲಿ ಎಷ್ಟು ಪಾಲು ಚೈನಿನದು, ಎಷ್ಟು ಇಂಜಿನಿನದು ಎಂದು ನೋಡದೆ ಹಲ್ಲಿನ ಲೆಕ್ಕಕ್ಕೆ ಕೈ ಹಾಕಬೇಡಿ.

ಮೊದಲು ಅಳತೆ ಮಾಡಿ. ನಿಮ್ಮಂಥ ಬೈಕುಗಳಿಗೆ ಸಾಮಾನ್ಯವಾಗಿ ಬರುವುದು 428 ಚೈನ್. ಅದರಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ, ಚೈನನ್ನು ಬಿಗಿಯಾಗಿ ಎಳೆದು ಹಿಡಿದು, ಒಂದು ಪಿನ್ನಿನ ನಡುವಿನಿಂದ 21ನೇ ಪಿನ್ನಿನ ನಡುವಿಗೆ ಟೇಪು ಹಿಡಿಯಿರಿ. ಹೊಸ ಚೈನ್ 254 ಮಿ.ಮೀ. ಇರುತ್ತದೆ. 257ಕ್ಕೆ ಬಂದರೆ ನಾನು ಬದಲಿಸಿಬಿಡುತ್ತೇನೆ. 259 ಆದರೆ ಅದರ ಆಯುಸ್ಸು ಮುಗಿಯಿತು. ಮೂರ್ನಾಲ್ಕು ಕಡೆ ಅಳೆಯಿರಿ, ಏಕೆಂದರೆ ಚೈನ್ ಎಲ್ಲಾ ಕಡೆ ಒಂದೇ ಥರ ಸವೆಯುವುದಿಲ್ಲ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋಲು, ಅದರಿಂದಲೇ ಆ ಕಟಕಟ.

ಚೈನ್ ಎಳೆದುಹೋಗಿದೆ ಎಂದು ನಾವು ಹೇಳುತ್ತೇವೆ, ಆದರೆ ನಿಜವಾಗಿ ಕಬ್ಬಿಣ ಎಳೆಯುವುದಿಲ್ಲ. ಒಳಗಿನ ಪಿನ್ನು ಮತ್ತು ಅದರ ಸುತ್ತ ಇರುವ ಕೊಳವೆ (ಬುಷ್) ಉಜ್ಜಿ ಉಜ್ಜಿ ಸವೆಯುತ್ತವೆ. ಒಂದೊಂದರಲ್ಲೂ ಕೂದಲಿನಷ್ಟು ಸಡಿಲವಾದರೆ ಸಾಕು, ನೂರಕ್ಕೂ ಹೆಚ್ಚು ಲಿಂಕು ಸೇರಿ ಇಡೀ ಚೈನ್ ಉದ್ದವಾಗುತ್ತದೆ. ಉದ್ದವಾದ ಚೈನ್ ಹಲ್ಲಿನ ಬುಡದಲ್ಲಿ ಕೂರದೆ ಮೇಲಕ್ಕೆ ಹತ್ತುತ್ತದೆ. ಆಗ ಹಲ್ಲು ಒಂದು ಬದಿಗೆ ತಿಂದುಹೋಗಿ ಕೊಕ್ಕೆಯ ಹಾಗಾಗುತ್ತದೆ. ಅಂಥ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದರೆ ಅದನ್ನೂ ಬೇಗ ತಿಂದುಹಾಕುತ್ತದೆ. ಹಾಗಾಗಿ ನಿಮ್ಮ ಗ್ಯಾರೇಜಿನವರು ಹೇಳಿದ್ದು ಸರಿ. ಚೈನ್, ಮುಂದಿನ ಸ್ಪ್ರಾಕೆಟ್, ಹಿಂದಿನ ಸ್ಪ್ರಾಕೆಟ್, ಮೂರನ್ನೂ ಒಟ್ಟಿಗೆ ಬದಲಿಸಿ.

ಸೆಟ್ ಹಾಕಿಸುವಾಗ ಹತ್ತಿರ ನಿಂತು ನಾಲ್ಕು ವಿಷಯ ನೋಡಿ ಮಾರಾಯ್ರೆ. ಮುಂದಿನ ಸ್ಪ್ರಾಕೆಟ್‌ನ ಮುಚ್ಚಳ ತೆಗೆದಾಗ ಒಳಗೆ ಗ್ರೀಸು, ಹೊಯ್ಗೆ (ಮರಳು), ಕೆಸರು ಸೇರಿ ಗಟ್ಟಿಯಾದ ಕಪ್ಪು ಮುದ್ದೆ ಇರುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ಬಿಚ್ಚಿದ ಕೆಲವು ಬೈಕುಗಳಲ್ಲಿ ನಾನು ಅದನ್ನು ಸ್ಕ್ರೂಡ್ರೈವರಿನಿಂದ ಕೆರೆದು ಮುಷ್ಟಿ ತುಂಬಾ ತೆಗೆದಿದ್ದೇನೆ. ಅದು ಪೂರ್ತಿ ಹೋಗಬೇಕು, ಇಲ್ಲದಿದ್ದರೆ ಹೊಸ ಚೈನಿಗೆ ಮೊದಲ ದಿನವೇ ಹೊಯ್ಗೆಯ ಊಟ. ಎರಡನೆಯದು, ಹಿಂದಿನ ಹಬ್ ರಬ್ಬರ್, ಅಂದರೆ ಚಕ್ರದ ನಡುವೆ ಜಗ್ಗುವಿಕೆ ತಡೆಯುವ ರಬ್ಬರ್. ಅದು ಸತ್ತಿದ್ದರೆ ಗೇರ್ ಹಾಕುವಾಗ ಧಡ್ ಎಂದು ಜಗ್ಗುತ್ತದೆ, ಎಲ್ಲರೂ ಚೈನನ್ನು ದೂರುತ್ತಾರೆ. ಮೂರನೆಯದು ಚೈನ್ ಲಾಕ್, ಅಂದರೆ ಚೈನಿನ ಎರಡು ತುದಿ ಜೋಡಿಸುವ ಕೊಂಡಿ. ಅದರ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ತಿರುಗಿಸಿ ಹಾಕಿದರೆ ದಾರಿಯಲ್ಲಿ ಎಲ್ಲಿಯಾದರೂ ತಾಗಿ ಹಾರಿಹೋಗಬಹುದು. ಕೊನೆಯದಾಗಿ ಚೈನಿನ ಆಟ, ಅಂದರೆ ಚೈನನ್ನು ನಡುವೆ ಬೆರಳಿನಿಂದ ಒತ್ತಿದರೆ ಅದು ಮೇಲೆ ಕೆಳಗೆ ಆಡುವಷ್ಟು ಸಡಿಲ. ಬೈಕಿನ ಪುಸ್ತಕದಲ್ಲಿ ಹೇಳಿದಷ್ಟೇ ಇಡಿಸಿ. ಈ ಜಾತಿಯ ಬೈಕುಗಳಿಗೆ ಹೆಚ್ಚಾಗಿ 20ರಿಂದ 30 ಮಿ.ಮೀ. ಇರುತ್ತದೆ. ಟೈಟ್ ಇದ್ದರೆ ಒಳ್ಳೆಯದು ಎಂದು ತಂತಿಯ ಹಾಗೆ ಬಿಗಿದರೆ ಬೇರಿಂಗ್ ಹೋಗುತ್ತದೆ.

ಈಗ 16 ಹಲ್ಲಿನ ವಿಷಯ. ಹಿಂದಿನ ಹಲ್ಲನ್ನು ಮುಂದಿನದರಿಂದ ಭಾಗಿಸಿ ನೋಡಿ, ಹಿಂದಿನ ಚಕ್ರ ಒಂದು ಸುತ್ತು ಬರಲು ಮುಂದಿನ ಸ್ಪ್ರಾಕೆಟ್ ಎಷ್ಟು ಸುತ್ತಬೇಕು ಎಂದು ಸಿಗುತ್ತದೆ. 44/15 ಅಂದರೆ 2.93. ಮುಂದೆ 16 ಹಾಕಿದರೆ 2.75. ಈಗ 80ರಲ್ಲಿ ಇಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ, ಆಗ ಅದೇ ವೇಗಕ್ಕೆ 5,625 ಸಾಕು. ಹೆಜಮಾಡಿಯ ನೇರ ರಸ್ತೆಯಲ್ಲಿ ಅದು ಹಿತವಾಗಿಯೇ ಇರುತ್ತದೆ. ಮುಂದೆ ಒಂದು ಹಲ್ಲು ಹೆಚ್ಚಿಸುವುದು ಹಿಂದೆ ಸುಮಾರು ಮೂರು ಹಲ್ಲು ಕಡಿಮೆ ಮಾಡುವುದಕ್ಕೆ ಸಮ ಎಂಬುದು ನೆನಪಿರಲಿ, ಅಷ್ಟು ದೊಡ್ಡ ಬದಲಾವಣೆ ಇದು.

ಆದರೆ ಸೋಮೇಶ್ವರ ದಾಟಿ ಘಾಟಿ ಹತ್ತಲು ಶುರು ಮಾಡಿದಾಗ ಏನಾಗುತ್ತದೆ? ಆಗುಂಬೆಗೆ 14 ಹೇರ್‌ಪಿನ್ ತಿರುವು. ಬೈಕಿನಲ್ಲಿ ಇಬ್ಬರು, ಜೊತೆಗೆ ತವರಿಗೆ ಒಯ್ಯುವ ಚೀಲ. ಎದುರು ಬಸ್ಸು ಬಂತು, ನೀವು ತಿರುವಿನಲ್ಲಿ ನಿಧಾನ ಮಾಡಿದಿರಿ. ಇವತ್ತು ಎರಡನೇ ಗೇರಿನಲ್ಲಿ ಎಳೆಯುವ ಬೈಕು ಅವತ್ತು ಅಲ್ಲಿ ಮುಗ್ಗರಿಸುತ್ತದೆ. ಒಂದನೇ ಗೇರಿಗೆ ಇಳಿಯಬೇಕು, ಇಲ್ಲವೇ ಕ್ಲಚ್ ಅರ್ಧ ಹಿಡಿದು ಎಳೆಸಬೇಕು. ಹಾಗೆ ಎಳೆಸಿ ಎಳೆಸಿ ಕ್ಲಚ್ ಪ್ಲೇಟ್ ಸುಟ್ಟುಕೊಂಡು ಬಂದವರನ್ನು ನೋಡಿದ್ದೇನೆ. ಹೈವೇಯಲ್ಲೂ ಎದುರು ಗಾಳಿ ಜೋರಾಗಿದ್ದರೆ ಐದನೇ ಗೇರು ಎಳೆಯದೆ ನಾಲ್ಕಕ್ಕೆ ಇಳಿಯಬೇಕಾಗುತ್ತದೆ. ಅಲ್ಲಿಗೆ ಉಳಿತಾಯ ಏನು ಬಂತು?

ಬೇರೆ ತಾಪತ್ರಯಗಳೂ ಇವೆ. ಕೆಲವು ಬೈಕುಗಳಲ್ಲಿ ದೊಡ್ಡ ಸ್ಪ್ರಾಕೆಟ್ ಹಾಕಿದರೆ ಚೈನ್ ಮುಚ್ಚಳದ ಒಳಗೆ ಉಜ್ಜುತ್ತದೆ. ಹಿಂದಿನ ಚಕ್ರ ಸುಮಾರು 3 ಮಿ.ಮೀ. ಮುಂದೆ ಬರಬೇಕು, ಹೊಸ ಚೈನಿನಲ್ಲಿ ಅಷ್ಟು ಜಾಗ ಇದೆಯೇ ನೋಡಬೇಕು. ಸ್ಪೀಡೋಮೀಟರ್ ಮುಂದಿನ ಚಕ್ರದಿಂದ ಅಳೆಯುವುದಾದರೆ ತೊಂದರೆ ಇಲ್ಲ. ಗೇರ್‌ಬಾಕ್ಸಿನಿಂದ ಅಳೆಯುವುದಾದರೆ ನಿಜವಾಗಿ 80 ಹೋಗುವಾಗ 75 ತೋರಿಸುತ್ತದೆ.

ಹಾಗಾಗಿ ನನ್ನ ಸಲಹೆ: ಕಂಪನಿ ಲೆಕ್ಕದ 15-44ನ್ನೇ ಹೊಸದಾಗಿ ಹಾಕಿಸಿ, ಎರಡು ವಾರ ಓಡಿಸಿ. ಆಮೇಲೂ ನಡುಕ ಇದ್ದರೆ ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ ಕ್ಲಚ್ ಹಿಡಿದು ಆಕ್ಸಿಲೇಟರ್ ಬಿಡಿ. ನಡುಕ ನಿಂತರೆ ಅದು ಇಂಜಿನಿನದು, ಟ್ಯೂನಿಂಗ್ ಮತ್ತು ಇಂಜಿನ್ ಬೋಲ್ಟುಗಳನ್ನು ನೋಡಿಸಿ. ನಿಲ್ಲದಿದ್ದರೆ ಚಕ್ರದ ಬೇರಿಂಗ್, ಟಯರ್ ನೋಡಿಸಿ. ಘಾಟಿಯ ಮುಖವನ್ನೇ ನೋಡದವರು ಕೇಳಿದ್ದರೆ 16ಕ್ಕೆ ನಾನು ಇಷ್ಟು ಅಡ್ಡಿ ಮಾಡುತ್ತಿರಲಿಲ್ಲ.

ಪ್ರಶ್ನೆ: ಮಲ್ಪೆ ಬಂದರಿಗೆ ದಿನಾ ಹೋಗುತ್ತೇನೆ. ಚೈನ್ ಎರಡೇ ದಿನದಲ್ಲಿ ತುಕ್ಕು ಹಿಡಿಯುತ್ತದೆ. ಇಂಜಿನಿನಿಂದ ತೆಗೆದ ಹಳೇ ಆಯಿಲ್ ಹಾಕುತ್ತಿದ್ದೇನೆ. ಸರಿಯೇ?
– ಒಬ್ಬ ಓದುಗರು, ಮಲ್ಪೆ

ಉತ್ತರ: ಬೇಡ. ಆ ಕಪ್ಪು ಆಯಿಲಿನಲ್ಲಿ ಮಸಿ ಮತ್ತು ಸವೆದ ಲೋಹದ ಪುಡಿ ಇರುತ್ತದೆ. 90 ನಂಬರಿನ ಹೊಸ ಗೇರ್ ಆಯಿಲ್ ತನ್ನಿ. ನಿಮಗೆ ಸಮುದ್ರದ ಗಾಳಿ ಒಂದೇ ಅಲ್ಲ, ಮೀನಿನ ಲಾರಿಯಿಂದ ರಸ್ತೆಗೆ ಸುರಿಯುವ ಉಪ್ಪು ನೀರೂ ಚೈನಿಗೆ ಸಿಡಿಯುತ್ತದೆ. ಮನೆಗೆ ಬಂದ ಕೂಡಲೇ ಸಿಹಿನೀರು ಹಾಕಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಒಳಮೈಗೆ ಎಣ್ಣೆ ಬಿಡಿ. ವಾರಕ್ಕೊಮ್ಮೆ ಚಿಮಿಣಿ ಎಣ್ಣೆ ಹಾಕಿ ಮೆದು ಬ್ರಷ್ಷಿನಲ್ಲಿ ತಿಕ್ಕಿ. ಓ-ರಿಂಗ್ ಚೈನಾದರೆ ಪೆಟ್ರೋಲ್ ಮತ್ತು ತಂತಿ ಬ್ರಷ್ ಹತ್ತಿರ ತರಬೇಡಿ, ರಬ್ಬರ್ ರಿಂಗು ಹಾಳಾಗುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಎಣ್ಣೆ ಬಿಡುವಾಗ ಇಂಜಿನ್ ಬಂದ್ ಇರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ. ಇಂಜಿನ್ ಓಡಿಸಿಕೊಂಡು ಚೈನಿಗೆ ಬಟ್ಟೆ ಹಿಡಿದ ಹುಡುಗನೊಬ್ಬನ ಬೆರಳಿನ ತುದಿ ಸ್ಪ್ರಾಕೆಟ್ಟಿಗೆ ಸಿಕ್ಕಿ ಹೋದದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಬಟ್ಟೆ ಸಿಕ್ಕಿಕೊಂಡಿತು ಎಂದು ಅವನಿಗೆ ಗೊತ್ತಾಗುವ ಮೊದಲೇ ಬೆರಳು ಒಳಗೆ ಹೋಗಿತ್ತು.